ಕಲ್ಲಚ್ಚಿನ ಕಲಾವಿದ ದೋಮಿಯೆ

1831ನೆಯ ಇಸವಿಯ ಡಿಸೆಂಬರ್ ತಿಂಗಳು. ಪ್ಯಾರಿಸ್ ನಗರದ ವೆರೊ-ದೊದಾ ಎಂಬ ಅಂಗಡಿ ಸಾಲಿನಲ್ಲಿ, ಚಿತ್ರಗಳನ್ನು ಮಾರುವ ಓಬೆರ್ ಎಂಬಾತನ ಮಳಿಗೆಯ ಗಾಜಿನ ಕಿಟಕಿಯಲ್ಲಿ ಒಂದು ಹೊಸ ಚಿತ್ರವು ತೂಗುತ್ತಿತ್ತು. ಅದು ಕುಳಿತ ಮನುಷ್ಯನೊಬ್ಬನ ಚಿತ್ರ. ಅವನ ದೇಹ ಬೆಟ್ಟದಂತೆ ಬೆಳೆದಿದೆ, ಹೊಟ್ಟೆ ಉಬ್ಬಿದೆ, ತಲೆ ಮೇಲೆ ಕಿರಿದಾಗಿ ಕೆನ್ನೆಗಳು ಕೆಳಗೆ ಜೋತುಬಿದ್ದಿವೆ. ತೆರೆದ ಅವನ ಬಾಯಿಯಿಂದ ನೆಲದವರೆಗೆ ನಾಲಗೆಯಂತೆ ಉದ್ದನೆಯ ಹಲಗೆಯೊಂದು ಇಳಿಬಿದ್ದಿದೆ. ಕೆಳಗೆ ಹರಕು ಬಟ್ಟೆಯ ಬಡವರು ತಮ್ಮಲ್ಲಿದ್ದ ಕಾಸುಗಳನ್ನು ಬುಟ್ಟಿಗಳಿಗೆ ಸುರಿಯುತ್ತಿದ್ದಾರೆ. ಇರುವೆಗಳಷ್ಟು ಚಿಕ್ಕವರಾದ ಆಳುಗಳು ಆ ಬುಟ್ಟಿಗಳನ್ನು ಹೊತ್ತು ಹಲಗೆಯನ್ನೇರಿ ದೈತ್ಯನ ಬಾಯಿಗೆ ಹಣವನ್ನು ಸುರಿಯುತ್ತಿದ್ದಾರೆ. ಪೀಠದ ಕೆಳಗೆ ನೆರೆದ ಅಧಿಕಾರಿಗಳ ಗುಂಪು, ಮೇಲಿನಿಂದ ಬೀಳುವ ಪದವಿಪತ್ರಗಳಿಗೂ ಪದಕಗಳಿಗೂ ಕೈಯೊಡ್ಡಿ ನಿಂತಿದೆ.

ಚಿತ್ರದ ಹೆಸರು ‘ಗಾರ್ಗಾಂತುವಾ’. ಹದಿನಾರನೆಯ ಶತಮಾನದ ಫ್ರೆಂಚ್ ಸಾಹಿತಿ ರಬ್ಲೆಯ ಕಥೆಯಲ್ಲಿ ಬರುವ ಹೊಟ್ಟೆಬಾಕ ದೈತ್ಯನ ಹೆಸರದು. ಆದರೆ ಕಿಟಕಿಯ ಮುಂದೆ ನಿಂತವರಿಗೆ ಆ ಮುಖವು ಯಾರದೆಂದು ತಿಳಿಯಲು ಕ್ಷಣಕಾಲವೂ ಬೇಕಾಗಲಿಲ್ಲ. ಅದು ಫ್ರಾನ್ಸಿನ ದೊರೆ ಲೂಯಿ ಫಿಲಿಪನ ಮುಖವಾಗಿತ್ತು. ಪೊಲೀಸರು ಬಂದು ಚಿತ್ರವನ್ನು ವಶಪಡಿಸಿಕೊಂಡರು. ಅದನ್ನು ಬರೆದವನು ಇಪ್ಪತ್ತಮೂರು ವರ್ಷದ ಬಡ ಯುವಕ, ಒನೊರೆ ದೋಮಿಯೆ.

ದೋಮಿಯೆ 1808ರ ಫೆಬ್ರವರಿ 26ರಂದು ಫ್ರಾನ್ಸಿನ ದಕ್ಷಿಣದ ರೇವುಪಟ್ಟಣವಾದ ಮಾರ್ಸೇಲ್ಸ್‌ನಲ್ಲಿ ಜನಿಸಿದನು. ತಂದೆಯ ಕಸುಬು ಕಿಟಕಿಗಳಿಗೆ ಗಾಜು ಕೂರಿಸುವುದು, ಚಿತ್ರಗಳಿಗೆ ಚೌಕಟ್ಟು ಹಾಕುವುದು. ಹಂಬಲ ಮಾತ್ರ ಕವಿಯಾಗಬೇಕೆಂಬುದು. ಆ ಹಂಬಲವನ್ನು ಹೊತ್ತು ಆತ ಪ್ಯಾರಿಸ್ಸಿಗೆ ಹೊರಟುಹೋದನು. 1816ರಲ್ಲಿ ಹೆಂಡತಿ ಮಕ್ಕಳೂ ಅವನನ್ನು ಹಿಂಬಾಲಿಸಿದರು. ರಾಜಧಾನಿಯಲ್ಲಿ ಕವಿತೆಗೆ ಮೆಚ್ಚುಗೆ ಅಲ್ಪಸ್ವಲ್ಪ ದೊರೆಯಿತೇ ಹೊರತು ಅನ್ನ ದೊರೆಯಲಿಲ್ಲ. ಹೀಗಾಗಿ ಒನೊರೆ ಹನ್ನೆರಡು ಹದಿಮೂರರ ವಯಸ್ಸಿನಲ್ಲಿಯೇ ದುಡಿಮೆಗೆ ಇಳಿಯಬೇಕಾಯಿತು. ಮೊದಲು ನ್ಯಾಯಾಲಯದ ಅಮೀನನೊಬ್ಬನ ಬಳಿ ಕಾಗದಪತ್ರಗಳನ್ನು ಒಯ್ದು ಕೊಡುವ ಹುಡುಗನಾದನು. ಕಪ್ಪು ನಿಲುವಂಗಿಯ ವಕೀಲರನ್ನೂ, ಅವರ ಹಿಂದೆ ಅಲೆಯುವ ದಿಕ್ಕಿಲ್ಲದ ಕಕ್ಷಿದಾರರನ್ನೂ ಅವನು ಮೊದಲು ಕಂಡದ್ದು ಅಲ್ಲಿಯೇ. ಆಮೇಲೆ ಪಾಲೆ ರೊಯಾಲ್ ಎಂಬ ಜನನಿಬಿಡ ಬಡಾವಣೆಯ ಪುಸ್ತಕದಂಗಡಿಯಲ್ಲಿ ಕೆಲಸಕ್ಕೆ ಸೇರಿದನು. ಅಲ್ಲಿ ಇಡೀ ಪ್ಯಾರಿಸ್ಸೇ ಅವನ ಕಣ್ಣ ಮುಂದೆ ಓಡಾಡುತ್ತಿತ್ತು.

ಹುಡುಗನ ಕೈ ಸದಾ ಚಿತ್ರ ಬರೆಯಲು ತವಕಿಸುತ್ತಿತ್ತು. ಕಡೆಗೆ ತಂದೆಯು ಅವನನ್ನು ಅಲೆಕ್ಸಾಂಡರ್ ಲೆನ್ವಾರ್ ಎಂಬ ವಿದ್ವಾಂಸನ ಬಳಿ ಕಳುಹಿಸಿದನು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಹಳೆಯ ಇಗರ್ಜಿಗಳ ಶಿಲ್ಪಗಳನ್ನು ಜನರ ಸುತ್ತಿಗೆಗಳಿಂದ ಉಳಿಸಿದವನೀತ. ಪ್ರಾಚೀನ ಶಿಲ್ಪಗಳ ಮಾದರಿಗಳನ್ನು ಮುಂದಿಟ್ಟುಕೊಂಡು ಬರೆಯುವ ಅಭ್ಯಾಸ ಶಿಷ್ಯನಿಗೆ ಬೇಗನೆ ಬೇಸರ ತಂದಿತು. ಅವನು ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಹೊತ್ತು ಕಳೆದನು. ಬೀದಿಗಳಲ್ಲಿ ಜನರ ಮುಖಗಳನ್ನು ನೋಡುತ್ತ ಅಲೆದನು. ಜೀವನೋಪಾಯಕ್ಕೆ ಒಂದು ಕಸುಬು ಬೇಕಾಗಿತ್ತು. ಆಗ ಅವನು ಕಲಿತುಕೊಂಡದ್ದು ಕಲ್ಲಚ್ಚಿನ ವಿದ್ಯೆ.

ಕಲ್ಲಚ್ಚನ್ನು ಕಂಡುಹಿಡಿದವನು ಅಲೋಯ್ಸ್ ಸೆನೆಫೆಲ್ಡರ್ ಎಂಬ ಜರ್ಮನ್ ನಾಟಕಕಾರ. ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕಿಸುವ ದಾರಿಯನ್ನು ಹುಡುಕುತ್ತ ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅವನು ಈ ವಿಧಾನವನ್ನು ಕಂಡುಕೊಂಡನು. ಇದರ ತತ್ತ್ವ ಬಹು ಸರಳ: ಜಿಡ್ಡು ಮತ್ತು ನೀರು ಒಂದನ್ನೊಂದು ಸೇರವು. ನುಣುಪಾಗಿ ತೇಯ್ದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಚಿತ್ರಕಾರನು ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾನೆ. ಬಳಿಕ ಗೋಂದು ಮತ್ತು ತೆಳು ಆಮ್ಲದ ಮಿಶ್ರಣವನ್ನು ಕಲ್ಲಿನ ಮೇಲೆ ಸವರುತ್ತಾರೆ. ಅನಂತರ ಕಲ್ಲನ್ನು ನೀರಿನಿಂದ ಒದ್ದೆ ಮಾಡಿದರೆ ಬರಿಗಲ್ಲು ನೀರನ್ನು ಹೀರುತ್ತದೆ, ಜಿಡ್ಡಿನ ಗೆರೆಯು ನೀರನ್ನು ದೂರ ತಳ್ಳುತ್ತದೆ. ಎಣ್ಣೆಯ ಮಸಿಯನ್ನು ಉರುಳೆಯಿಂದ ಹಚ್ಚಿದಾಗ ಅದು ಗೆರೆಗಳಿಗೆ ಮಾತ್ರ ಅಂಟಿಕೊಳ್ಳುತ್ತದೆ. ಮೇಲೆ ಕಾಗದವನ್ನಿಟ್ಟು ಒತ್ತಿದರೆ ಚಿತ್ರವು ಎಡಬಲ ಬದಲಾಗಿ ಕಾಗದಕ್ಕಿಳಿಯುತ್ತದೆ. ಕೆಲಸ ಮುಗಿದ ಮೇಲೆ ಕಲ್ಲನ್ನು ತೇಯ್ದರೆ ಹಳೆಯ ಚಿತ್ರವು ಅಳಿದು ಅದೇ ಕಲ್ಲು ಮತ್ತೊಂದು ಚಿತ್ರಕ್ಕೆ ಸಿದ್ಧವಾಗುತ್ತದೆ.

ತಾಮ್ರದ ತಗಡಿನ ಮೇಲೆ ಉಳಿಯಿಂದ ಕೊರೆಯಲು ವಾರಗಟ್ಟಲೆ ಬೇಕಾಗುತ್ತಿದ್ದ ಕಾಲದಲ್ಲಿ ಇದು ದೊಡ್ಡ ಬದಲಾವಣೆಯನ್ನೇ ತಂದಿತು. ಇಂದು ನಡೆದ ಘಟನೆಯ ಚಿತ್ರವು ಕೆಲವೇ ದಿನಗಳಲ್ಲಿ ಜನರ ಕೈಸೇರಲು ಸಾಧ್ಯವಾಯಿತು. ಓದು ಬಾರದವನೂ ಅದನ್ನು ನೋಡಿ ತಿಳಿಯಬಲ್ಲವನಾದನು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವೂ 1843ರಲ್ಲಿ ಇಂಥ ಕಲ್ಲಿನ ಮೇಲೆಯೇ ಅಚ್ಚಾಗಿ ಹೊರಬಂದುದನ್ನು ಇಲ್ಲಿ ನೆನೆಯಬಹುದು.

1830ರ ಜುಲೈ ತಿಂಗಳಲ್ಲಿ ಪ್ಯಾರಿಸ್ಸಿನ ಜನರು ದಂಗೆಯೆದ್ದು ಹತ್ತನೆಯ ಚಾರ್ಲ್ಸ್ ದೊರೆಯನ್ನು ಓಡಿಸಿದರು. ಅವನ ಸ್ಥಾನಕ್ಕೆ ಲೂಯಿ ಫಿಲಿಪ್ ಬಂದನು. ಕೊಡೆ ಹಿಡಿದು ಬೀದಿಯಲ್ಲಿ ನಡೆಯುವ, ಸಾಮಾನ್ಯ ಗೃಹಸ್ಥನಂತೆ ಕಾಣುವ ಈ ದೊರೆಯ ಮೇಲೆ ಜನರಿಗೆ ಬಹಳ ಭರವಸೆಯಿತ್ತು. ಪತ್ರಿಕೆಗಳಿಗೆ ಸ್ವಾತಂತ್ರ್ಯದ ವಚನವೂ ದೊರೆತಿತ್ತು. ಆದರೆ ಮೂರು ಕೋಟಿಗೂ ಮಿಕ್ಕ ಪ್ರಜೆಗಳಿದ್ದ ದೇಶದಲ್ಲಿ ಮತ ನೀಡುವ ಹಕ್ಕು ಎರಡು ಲಕ್ಷಕ್ಕಿಂತ ಕಡಿಮೆ ಜನರಿಗೆ, ಅದೂ ಹೆಚ್ಚು ತೆರಿಗೆ ಕೊಡುವ ಸಿರಿವಂತರಿಗೆ ಮಾತ್ರ ಸಿಕ್ಕಿತು. 1831ರ ನವೆಂಬರಿನಲ್ಲಿ ಲಿಯೋನ್ ನಗರದ ರೇಷ್ಮೆ ನೇಕಾರರು ಕೂಲಿಗಾಗಿ ದಂಗೆಯೆದ್ದಾಗ ಸೈನ್ಯವು ಹೋಗಿ ನಗರವನ್ನು ವಶಪಡಿಸಿಕೊಂಡಿತು. ಅದೇ ಸಮಯದಲ್ಲಿ ದೊರೆಯ ಮನೆವೆಚ್ಚಕ್ಕೆ ಬೊಕ್ಕಸದಿಂದ ಎಷ್ಟು ಹಣ ಕೊಡಬೇಕೆಂಬ ಚರ್ಚೆ ನಡೆದಿತ್ತು. ‘ಗಾರ್ಗಾಂತುವಾ’ ಹುಟ್ಟಿದ್ದು ಈ ಹೊತ್ತಿನಲ್ಲಿ.

ದೋಮಿಯೆಯನ್ನು ಈ ಹಾದಿಗೆ ತಂದವನು ಷಾರ್ಲ್ ಫಿಲಿಪೋನ್. ತಾನೂ ಚಿತ್ರಕಾರನಾಗಿದ್ದ ಈತನು 1830ರಲ್ಲಿ ‘ಲ ಕಾರಿಕಾತ್ಯೂರ್’ ಎಂಬ ವಾರಪತ್ರಿಕೆಯನ್ನೂ, 1832ರಲ್ಲಿ ‘ಲ ಷಾರಿವಾರಿ’ ಎಂಬ ದಿನಪತ್ರಿಕೆಯನ್ನೂ ಆರಂಭಿಸಿದನು. ಓಬೆರನ ಮಳಿಗೆಯೂ ಇವನ ನೆಂಟರದೇ. ದೊರೆಯನ್ನು ಅವಮಾನಿಸಿದನೆಂಬ ಆರೋಪದ ಮೇಲೆ ನ್ಯಾಯಾಲಯದ ಮುಂದೆ ನಿಲ್ಲಬೇಕಾಗಿ ಬಂದಾಗ ಫಿಲಿಪೋನನು ನಾಲ್ಕು ಚಿತ್ರಗಳನ್ನು ಬರೆದು ತೋರಿಸಿದನು. ಮೊದಲನೆಯದು ದೊರೆಯ ಮುಖ. ಹಂತಹಂತವಾಗಿ ಬದಲಾಗುತ್ತ ನಾಲ್ಕನೆಯದು ಬರಿಯ ಪೇರ್ ಹಣ್ಣಾಗಿತ್ತು. ಯಾವ ಚಿತ್ರದ ಬಳಿ ಅಪರಾಧ ಆರಂಭವಾಗುತ್ತದೆಂದು ಅವನು ನ್ಯಾಯಾಧೀಶರನ್ನು ಕೇಳಿದನು. ಅವನಿಗೆ ಶಿಕ್ಷೆಯೇನೋ ಆಯಿತು. ಆದರೆ ಅಂದಿನಿಂದ ಪ್ಯಾರಿಸ್ಸಿನ ಗೋಡೆಗಳ ಮೇಲೆಲ್ಲ ಹುಡುಗರು ಪೇರ್ ಹಣ್ಣನ್ನು ಬರೆಯತೊಡಗಿದರು.

‘ಗಾರ್ಗಾಂತುವಾ’ದ ವಿಚಾರಣೆಯು 1832ರ ಫೆಬ್ರವರಿಯಲ್ಲಿ ನಡೆಯಿತು. ಚಿತ್ರಕಾರ, ಅಚ್ಚು ಹಾಕಿದವನು, ಮಾರಿದವನು, ಈ ಮೂವರಿಗೂ ತಲಾ ಆರು ತಿಂಗಳ ಸೆರೆವಾಸ ಮತ್ತು 500 ಫ್ರಾಂಕ್ ದಂಡ ವಿಧಿಸಲಾಯಿತು. ಚಿತ್ರದ ಕಲ್ಲನ್ನೂ ಉಳಿದ ಪ್ರತಿಗಳನ್ನೂ ನಾಶಮಾಡಬೇಕೆಂದು ಆಜ್ಞೆಯಾಯಿತು. ದೋಮಿಯೆಯನ್ನು ಕೂಡಲೇ ಸೆರೆಗೆ ತಳ್ಳಲಿಲ್ಲ. ಸುಮ್ಮನಿದ್ದಿದ್ದರೆ ಅವನು ಪಾರಾಗುತ್ತಿದ್ದನೇನೋ! ಅವನು ಸುಮ್ಮನಿರಲಿಲ್ಲ; ದೊರೆಯ ಆಸ್ಥಾನಿಕರನ್ನು ಕುರಿತು ಮತ್ತೆ ಚಿತ್ರ ಬರೆದನು. ಆಗಸ್ಟ್ ತಿಂಗಳಲ್ಲಿ ಪೊಲೀಸರು ಅವನನ್ನು ತಂದೆತಾಯಿಗಳ ಕಣ್ಣೆದುರಿನಲ್ಲಿಯೇ ಹಿಡಿದೊಯ್ದು ಸೇಂಟ್ ಪೆಲಾಜಿ ಎಂಬ ಸೆರೆಮನೆಯಲ್ಲಿರಿಸಿದರು. ಮನೆಯ ಖರ್ಚಿಗೆ ಮಗನ ಸಂಪಾದನೆಯನ್ನು ಎದುರುನೋಡುತ್ತಿದ್ದ ಸಂಸಾರಕ್ಕೆ ಇದು ದೊಡ್ಡ ಪೆಟ್ಟಾಗಿತ್ತು. ಸೆರೆಮನೆಯಲ್ಲಿ ದೋಮಿಯೆ ಕೊರಗುತ್ತ ಕೂರಲಿಲ್ಲ. ಜೊತೆಯ ಕೈದಿಗಳ ಮುಖಗಳನ್ನು ಬರೆಯುತ್ತ ದಿನ ಕಳೆದನು. ಶಿಕ್ಷೆಯ ಕೊನೆಯ ಭಾಗವನ್ನು ವೈದ್ಯನೊಬ್ಬನ ಚಿಕಿತ್ಸಾಲಯದಲ್ಲಿ ಕಳೆದು 1833ರ ಆರಂಭದಲ್ಲಿ ಹೊರಬಂದನು.

ಬಿಡುಗಡೆಯ ನಂತರ ಅವನ ಕೈ ಮತ್ತಷ್ಟು ಹರಿತವಾಯಿತು. ಶಾಸನಸಭೆಯ ಪ್ರಮುಖರ ಮುಖಗಳನ್ನು ನೆನಪಿನಲ್ಲಿಟ್ಟುಕೊಂಡು ಅವುಗಳನ್ನು ಹಸಿ ಜೇಡಿಮಣ್ಣಿನಲ್ಲಿ ಮುಷ್ಟಿಗಾತ್ರದ ತಲೆಗಳಾಗಿ ರೂಪಿಸಿ, ಬಣ್ಣ ಹಚ್ಚಿ, ಆ ತಲೆಗಳನ್ನು ನೋಡಿಕೊಂಡು ಕಲ್ಲಿನ ಮೇಲೆ ಬರೆಯುವುದು ಅವನ ಪದ್ಧತಿ. ಅಂಥ 36 ಮಣ್ಣಿನ ತಲೆಗಳು ಒಡೆದು ಚೂರಾಗದೆ ಉಳಿದಿವೆ. ಅವು ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿವೆ. 1834ರ ಆರಂಭದಲ್ಲಿ ಅವನು ಬರೆದ ‘ಶಾಸನಸಭೆಯ ಹೊಟ್ಟೆ’ ಎಂಬ ಚಿತ್ರದಲ್ಲಿ ಸಚಿವರೂ ಸದಸ್ಯರೂ ಸಾಲುಸಾಲಾಗಿ ಕುಳಿತಿದ್ದಾರೆ. ಒಬ್ಬನು ತೂಕಡಿಸುತ್ತಾನೆ, ಒಬ್ಬನು ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟುತ್ತಾನೆ. ದೈತ್ಯನನ್ನು ಕಲ್ಪಿಸುವ ಅಗತ್ಯ ಈಗ ಅವನಿಗಿರಲಿಲ್ಲ. ಇದ್ದವರನ್ನು ಇದ್ದಂತೆ ಕೂರಿಸಿದ್ದೇ ಸಾಕಾಗಿತ್ತು.

ಅದೇ ವರ್ಷದ ಏಪ್ರಿಲ್ ತಿಂಗಳ ನಡುವಿನಲ್ಲಿ ಪ್ಯಾರಿಸ್ಸಿನಲ್ಲಿ ಗಲಭೆಗಳಾದವು. ತ್ರಾನ್ಸ್‌ನೊನೇನ್ ಎಂಬ ಬೀದಿಯಲ್ಲಿ ಸೇನಾಧಿಕಾರಿಯೊಬ್ಬನಿಗೆ ಗುಂಡು ತಗುಲಿತು. ಗುಂಡು ಹನ್ನೆರಡನೆಯ ಸಂಖ್ಯೆಯ ಮನೆಯಿಂದ ಬಂತೆಂದು ಭಾವಿಸಿದ ಸೈನಿಕರು ಆ ಮನೆಗೆ ನುಗ್ಗಿ ಸಿಕ್ಕವರನ್ನೆಲ್ಲ ಕೊಂದರು. ಸತ್ತವರು ಹನ್ನೆರಡು ಮಂದಿ. ದೋಮಿಯೆ ಇದನ್ನು ಕುರಿತು ಬರೆದ ಚಿತ್ರದಲ್ಲಿ ವ್ಯಂಗ್ಯವಿಲ್ಲ, ಉಬ್ಬಿಸಿದ ಹೊಟ್ಟೆಗಳಿಲ್ಲ, ಸೈನಿಕರೂ ಇಲ್ಲ. ಬೆಳಗಾಗಿದೆ. ಹಾಸಿಗೆ ಕೆದರಿದೆ, ಕುರ್ಚಿಯೊಂದು ಉರುಳಿಬಿದ್ದಿದೆ. ರಾತ್ರಿ ತೊಡುವ ಅಂಗಿಯಲ್ಲಿಯೇ ಒಬ್ಬ ಮನುಷ್ಯನು ಹಾಸಿಗೆಗೆ ಒರಗಿ ನೆಲದ ಮೇಲೆ ಸತ್ತುಬಿದ್ದಿದ್ದಾನೆ. ಅವನ ದೇಹದ ಕೆಳಗೆ ಸಿಕ್ಕಿದ ಮಗುವಿನ ತಲೆ ಕಾಣುತ್ತದೆ. ನೆರಳಿನಲ್ಲಿ ಒಬ್ಬ ಹೆಂಗಸು. ಚಿತ್ರದ ಅಂಚಿನಲ್ಲಿ ಒಬ್ಬ ಮುದುಕನ ಮುಖ. ಕೋಣೆಯಲ್ಲಿ ಸದ್ದೇ ಇಲ್ಲವೆಂಬುದು ನೋಡುವವರಿಗೆ ತಿಳಿಯುತ್ತದೆ. ಪತ್ರಿಕೆಗಳ ಮೇಲೆ ಬೀಳುತ್ತಿದ್ದ ದಂಡವನ್ನು ತುಂಬಲು ಫಿಲಿಪೋನನು ಕಟ್ಟಿದ್ದ ಚಂದಾದಾರರ ಸಂಘವೊಂದು ಈ ಚಿತ್ರವನ್ನು ಪ್ರಕಟಿಸಿತು. ಓಬೆರನ ಕಿಟಕಿಯ ಮುಂದೆ ಮತ್ತೆ ಜನಸಂದಣಿ ಸೇರಿತು. ಪೊಲೀಸರು ಕೈಗೆ ಸಿಕ್ಕ ಪ್ರತಿಗಳನ್ನೆಲ್ಲ ನಾಶಗೊಳಿಸಿದರು. ದೋಮಿಯೆಯ ಕಲ್ಲಚ್ಚುಗಳಲ್ಲಿ ಇದಕ್ಕೆ ಮಿಗಿಲಾದುದು ಇನ್ನೊಂದಿಲ್ಲ.

1835ರ ಜುಲೈಯಲ್ಲಿ ದೊರೆಯನ್ನು ಕೊಲ್ಲುವ ಪ್ರಯತ್ನವೊಂದು ನಡೆಯಿತು. ಅದನ್ನೇ ನೆಪವಾಗಿಸಿಕೊಂಡ ಸರ್ಕಾರವು ಸೆಪ್ಟೆಂಬರಿನಲ್ಲಿ ಹೊಸ ಕಾನೂನುಗಳನ್ನು ತಂದಿತು. ಮೊದಲೇ ಅನುಮತಿ ಪಡೆಯದೆ ಯಾವ ಚಿತ್ರವನ್ನೂ ಪ್ರಕಟಿಸುವಂತಿರಲಿಲ್ಲ. ‘ಲ ಕಾರಿಕಾತ್ಯೂರ್’ ನಿಂತುಹೋಯಿತು. ದೊರೆಯ ಮುಖವನ್ನು ಬರೆಯುವಂತಿಲ್ಲ, ಸಚಿವರ ಮುಖವನ್ನೂ ಬರೆಯುವಂತಿಲ್ಲ. ಉಳಿದದ್ದು ಸಾಮಾನ್ಯ ಜನರ ಮುಖ. ದೋಮಿಯೆ ಅತ್ತ ತಿರುಗಿದನು.

ಹನ್ನೆರಡು ವರ್ಷಗಳಿಗೂ ಮಿಕ್ಕಿ ಅವನು ‘ಲ ಷಾರಿವಾರಿ’ಗಾಗಿ ಪ್ಯಾರಿಸ್ಸಿನ ಬದುಕನ್ನು ಬರೆದನು. ಹೊಸ ಕಂಪನಿಗಳನ್ನು ಹುಟ್ಟುಹಾಕಿ ಷೇರು ಕೊಂಡವರ ಹಣ ನುಂಗುವ ರೊಬೆರ್ ಮಕೇರ್ ಎಂಬ ಮೋಸಗಾರನ ಚಿತ್ರಮಾಲೆಯು ನೂರು ಚಿತ್ರಗಳನ್ನು ಕಂಡಿತು. ಮನೆಯ ಒಡೆಯರು, ಬಾಡಿಗೆದಾರರು, ವೈದ್ಯರು, ಮೇಷ್ಟರು, ನದಿಯಲ್ಲಿ ಮೀಯುವವರು, ಗಾಳ ಹಾಕಿ ಮೀನಿಗಾಗಿ ಕಾಯುವವರು, ಯಾರೂ ಅವನ ಕಣ್ಣು ತಪ್ಪಿಸಿಕೊಳ್ಳಲಿಲ್ಲ. ವಕೀಲರನ್ನಂತೂ ಅವನು ಕ್ಷಮಿಸಲೇ ಇಲ್ಲ. ನ್ಯಾಯಾಲಯದಲ್ಲಿ ಪರಸ್ಪರ ಗುಡುಗಾಡಿ, ಹೊರಗೆ ಬಂದು ನಗುತ್ತ ಕೈಕುಲುಕುವ ಇಬ್ಬರು ವಕೀಲರು. ಸೋತು ಅಳುವ ವಿಧವೆಯ ಮುಂದೆ ತಲೆಯೆತ್ತಿ ಸಾಗುವ ಒಬ್ಬ ವಕೀಲ. ಅಮೀನನ ಕಚೇರಿಯ ಹುಡುಗನು ಅಂದು ಕಂಡದ್ದೆಲ್ಲವೂ ಇಲ್ಲಿ ಹೊರಬಂದಿತು. ಚಿತ್ರಗಳ ಕೆಳಗಿನ ಮಾತುಗಳನ್ನು ಹೆಚ್ಚಾಗಿ ಪತ್ರಿಕೆಯ ಬೇರೆ ಲೇಖಕರು ಬರೆಯುತ್ತಿದ್ದರು. ಅವುಗಳಲ್ಲಿ ಬಹುಪಾಲು ಇಂದು ಸಪ್ಪೆಯಾಗಿ ತೋರುತ್ತವೆ. ಚಿತ್ರಗಳಿಗೆ ಅವುಗಳ ಅಗತ್ಯವೂ ಇರಲಿಲ್ಲ.

1846ರಲ್ಲಿ ದೋಮಿಯೆ ಬಟ್ಟೆ ಹೊಲಿದು ಜೀವಿಸುತ್ತಿದ್ದ ಅಲೆಕ್ಸಾಂಡ್ರೀನ್ ಎಂಬ ತರುಣಿಯನ್ನು ವಿವಾಹವಾದನು. ಸೇನ್ ನದಿಯ ನಡುವಿನ ಸೇಂಟ್ ಲೂಯಿ ದ್ವೀಪದಲ್ಲಿ ಮನೆ ಮಾಡಿದರು. ಕೆಳಗಿನ ದಡದಲ್ಲಿ ಬಟ್ಟೆ ಒಗೆದು, ಒದ್ದೆ ಗಂಟನ್ನು ಹೊತ್ತು, ಮಗುವಿನ ಕೈಹಿಡಿದು ಮೆಟ್ಟಿಲೇರಿ ಬರುವ ಅಗಸಗಿತ್ತಿಯರನ್ನು ಅವನು ದಿನವೂ ನೋಡುತ್ತಿದ್ದನು.

1848ರ ಫೆಬ್ರವರಿಯಲ್ಲಿ ಪ್ಯಾರಿಸ್ ಮತ್ತೆ ಎದ್ದಿತು. ಲೂಯಿ ಫಿಲಿಪ್ ಪಟ್ಟ ತ್ಯಜಿಸಿ ಇಂಗ್ಲೆಂಡಿಗೆ ಓಡಿದನು. ಆಗ ದೋಮಿಯೆ ಬರೆದ ಒಂದು ಕಲ್ಲಚ್ಚಿನಲ್ಲಿ ಅರಮನೆಗೆ ನುಗ್ಗಿದ ಬೀದಿಯ ಹುಡುಗನೊಬ್ಬನು ದೊರೆಯ ಸಿಂಹಾಸನದಲ್ಲಿ ಹುದುಗಿ ಕುಳಿತು, ಅದರ ಮೆತ್ತನೆಯ ಸುಖಕ್ಕೆ ಬೆರಗಾಗುತ್ತಿದ್ದಾನೆ. ಹೊಸ ಸರ್ಕಾರವು ಗಣರಾಜ್ಯವನ್ನು ಸಂಕೇತಿಸುವ ಚಿತ್ರಕ್ಕಾಗಿ ಸ್ಪರ್ಧೆಯೊಂದನ್ನು ಏರ್ಪಡಿಸಿತು. ದೋಮಿಯೆಯ ಕರಡು ಚಿತ್ರವು ಅಂತಿಮ ಸುತ್ತಿಗೆ ಆಯ್ಕೆಯಾಯಿತು. ಅದರಲ್ಲಿಯೂ ಇರುವುದು ಕುಳಿತ ಒಂದು ದೊಡ್ಡ ಆಕೃತಿಯೇ. ಆದರೆ ಅದು ನುಂಗುವ ದೈತ್ಯನಲ್ಲ. ಇಬ್ಬರು ಮಕ್ಕಳಿಗೆ ಮೊಲೆಯೂಡಿಸುತ್ತಿರುವ ಬಲಿಷ್ಠ ತಾಯಿ. ಆಕೆಯ ಪಾದದ ಬಳಿ ಇನ್ನೊಂದು ಮಗು ಪುಸ್ತಕ ಓದುತ್ತಿದೆ. ದೊಡ್ಡ ಚಿತ್ರವನ್ನು ಅವನು ಪೂರ್ಣಗೊಳಿಸಲೇ ಇಲ್ಲ.

ಗಣರಾಜ್ಯವೂ ಬಹುಕಾಲ ಬಾಳಲಿಲ್ಲ. ಅದರ ಅಧ್ಯಕ್ಷನಾಗಿದ್ದ ಲೂಯಿ ನೆಪೋಲಿಯನ್ 1851ರ ಡಿಸೆಂಬರಿನಲ್ಲಿ ಅಧಿಕಾರವನ್ನೆಲ್ಲ ಕಸಿದುಕೊಂಡು, ಮರುವರ್ಷ ಚಕ್ರವರ್ತಿಯಾದನು. ಅವನ ಪರವಾಗಿ ಬೀದಿಗಳಲ್ಲಿ ದೊಣ್ಣೆ ಬೀಸುತ್ತಿದ್ದ ಪುಂಡರನ್ನು ದೋಮಿಯೆ ‘ರಾತಾಪ್ವಾಲ್’ ಎಂಬ ಬಡಕಲು ಶಿಲ್ಪವಾಗಿ ರೂಪಿಸಿದ್ದನು. ಪೊಲೀಸರ ಕಣ್ಣಿಗೆ ಬೀಳದಂತೆ ಅಲೆಕ್ಸಾಂಡ್ರೀನ್ ಅದನ್ನು ಬಚ್ಚಿಟ್ಟು ಕಾಪಾಡಿದಳೆಂದು ಹೇಳುತ್ತಾರೆ. ಚಿತ್ರಗಳ ಮೇಲೆ ಮತ್ತೆ ನಿರ್ಬಂಧ ಬಂದಿತು.

ಈ ವೇಳೆಗೆ ದೋಮಿಯೆಗೆ ಪತ್ರಿಕೆಯ ಕೆಲಸ ಹೊರೆಯಾಗಿತ್ತು. ಬಣ್ಣದಲ್ಲಿ ಬರೆಯಬೇಕೆಂಬುದು ಅವನ ಜೀವಮಾನದ ಆಸೆ. ಆದರೆ ಹಗಲೆಲ್ಲ ಕಲ್ಲುಗಳು ಕಾದಿರುತ್ತಿದ್ದವು. 1860ರಲ್ಲಿ ‘ಲ ಷಾರಿವಾರಿ’ ಪತ್ರಿಕೆಯು, ಓದುಗರಿಗೆ ಅವನ ಚಿತ್ರಗಳು ಬೇಸರ ತಂದಿವೆಯೆಂದು ಅವನನ್ನು ಕೈಬಿಟ್ಟಿತು. ಸಂಬಳ ನಿಂತು ಸಂಸಾರ ಕಷ್ಟಕ್ಕೆ ಸಿಕ್ಕಿತು. ದ್ವೀಪದ ಮನೆಯನ್ನೂ ಬಿಡಬೇಕಾಯಿತು. ಆದರೆ ಅವನು ಬಯಸಿದ್ದ ಬಿಡುವು ದೊರೆತದ್ದೂ ಆಗಲೇ. ‘ಮೂರನೆಯ ದರ್ಜೆಯ ಗಾಡಿ’ ಎಂಬ ಪ್ರಸಿದ್ಧ ವರ್ಣಚಿತ್ರವು ಆ ವರ್ಷಗಳದು. ರೈಲಿನ ಗಟ್ಟಿ ಹಲಗೆಯ ಮೇಲೆ ಬುಟ್ಟಿ ಹಿಡಿದ ಮುದುಕಿ, ಹಾಲೂಡುವ ಚಿಕ್ಕ ವಯಸ್ಸಿನ ತಾಯಿ, ನಿದ್ದೆಹೋದ ಹುಡುಗ ಕುಳಿತಿದ್ದಾರೆ. ಅವರ ಮುಖಗಳಲ್ಲಿ ದಣಿವಿದೆ, ದೈನ್ಯವಿಲ್ಲ. 1863ರ ಕೊನೆಯಲ್ಲಿ ಪತ್ರಿಕೆಯು ಅವನನ್ನು ಮರಳಿ ಕರೆಯಿತು; ಅವನು ಮತ್ತೆ ಕಲ್ಲಿನ ಮುಂದೆ ಕುಳಿತನು.

1870ರಲ್ಲಿ ಚಕ್ರವರ್ತಿಯ ಸರ್ಕಾರವು ಅವನಿಗೆ ‘ಲೀಜನ್ ಆಫ್ ಆನರ್’ ಪದಕವನ್ನು ನೀಡಬಯಸಿತು. ಅದೇ ಸಮಯದಲ್ಲಿ ಅದೇ ಗೌರವವನ್ನು ನಿರಾಕರಿಸಿದ ಚಿತ್ರಕಾರ ಕೂರ್ಬೆ ಅದನ್ನು ಊರಿಗೆಲ್ಲ ಕೇಳುವಂತೆ ಸಾರಿದನು. ದೋಮಿಯೆ ಗದ್ದಲ ಮಾಡದೆ ಬೇಡವೆಂದನು. ಪೀಠದ ಕೆಳಗೆ ಪದಕಗಳಿಗಾಗಿ ಕೈಚಾಚಿ ನಿಂತವರನ್ನು ನಲವತ್ತು ವರ್ಷಗಳ ಹಿಂದೆಯೇ ಬರೆದವನಲ್ಲವೇ ಅವನು!

ಪ್ಯಾರಿಸ್ಸಿನ ಉತ್ತರಕ್ಕಿರುವ ವಾಲ್ಮೊಂದ್ವಾ ಎಂಬ ಹಳ್ಳಿಯ ಚಿಕ್ಕ ಮನೆಯೊಂದರಲ್ಲಿ ಅವನು ಕೊನೆಯ ವರ್ಷಗಳನ್ನು ಕಳೆದನು. ಬಾಡಿಗೆ ಕಟ್ಟಲಾಗದೆ ಕಷ್ಟಪಡುತ್ತಿದ್ದಾಗ ಗೆಳೆಯನಾದ ಚಿತ್ರಕಾರ ಕೊರೊ ಆ ಮನೆಯನ್ನು ಕೊಂಡು, ಯಾವ ಆಡಂಬರವೂ ಇಲ್ಲದೆ ಅವನಿಗೆ ಕೊಟ್ಟನೆಂಬ ಕಥೆ ಬಹಳ ಪ್ರಸಿದ್ಧವಾಗಿದೆ. ಕಣ್ಣು ಮಂಜಾಗುತ್ತ ಬಂದಿತು. 1872ರ ಬಳಿಕ ಅವನ ಕಲ್ಲಚ್ಚುಗಳು ನಿಂತವು. ಅಷ್ಟರಲ್ಲಿ ಅವುಗಳ ಸಂಖ್ಯೆ ಸುಮಾರು 4,000 ಆಗಿತ್ತು. 1878ರಲ್ಲಿ ಗೆಳೆಯರು ಸೇರಿ ಪ್ಯಾರಿಸ್ಸಿನಲ್ಲಿ ಅವನ ವರ್ಣಚಿತ್ರಗಳ ಪ್ರದರ್ಶನವನ್ನು ನಡೆಸಿದರು. ಅದರ ಗೌರವಾಧ್ಯಕ್ಷನಾಗಿದ್ದವನು ಮಹಾಕವಿ ವಿಕ್ಟರ್ ಹ್ಯೂಗೊ. ಬಂದ ಹಣ ಪ್ರದರ್ಶನದ ಖರ್ಚಿಗೂ ಸಾಲದೆಹೋಯಿತು. ನಗಿಸುವ ಚಿತ್ರಕಾರನೆಂದೇ ಜನರು ಅವನನ್ನು ಬಲ್ಲವರಾಗಿದ್ದರು; ವರ್ಣಚಿತ್ರಕಾರನೆಂದು ಅವನನ್ನು ಬಲ್ಲವರು ತೀರ ಕೆಲವರು.

ಮರುವರ್ಷ, 1879ರ ಫೆಬ್ರವರಿಯಲ್ಲಿ, ದೋಮಿಯೆ ಆ ಹಳ್ಳಿಯ ಮನೆಯಲ್ಲಿಯೇ ತೀರಿಕೊಂಡನು. ಅವನನ್ನು ವಾಲ್ಮೊಂದ್ವಾದಲ್ಲಿ ಮಣ್ಣು ಮಾಡಿದರು. 1880ರಲ್ಲಿ ಅವನ ಅಸ್ಥಿಗಳನ್ನು ಪ್ಯಾರಿಸ್ಸಿನ ಪೇರ್ ಲಾಷೇಸ್ ಸ್ಮಶಾನಕ್ಕೆ ತಂದು ಕೊರೊವಿನ ಸಮಾಧಿಯ ಸಮೀಪದಲ್ಲಿ ಇರಿಸಿದರು. ಅವನು ಬರೆದ ಕಲ್ಲುಗಳಲ್ಲಿ ಹೆಚ್ಚಿನವು ತೇಯ್ದು ಬೇರೆ ಚಿತ್ರಗಳಿಗೆ ಬಳಕೆಯಾಗಿ ಹೋಗಿವೆ. ನ್ಯಾಯಾಲಯವು ಅಳಿಸಲು ಆಜ್ಞಾಪಿಸಿದ್ದ ‘ಗಾರ್ಗಾಂತುವಾ’ದ ಕೆಲವು ಪ್ರತಿಗಳು ಮಾತ್ರ ಉಳಿದಿದ್ದು, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯವೂ ಅಂಥದೊಂದನ್ನು ಕಾಪಾಡಿಕೊಂಡು ಬಂದಿದೆ.